ಆ ಮುಚ್ಚಳ ತಿರುಗಿಸದೆ ಬಿಟ್ಟವಳು

ನಮ್ಮ ಕಾರಿನ ಇಂಜಿನ್ ಆಯಿಲ್ ಮುಚ್ಚಳವನ್ನು ತಿರುಗಿಸದೆ ಬಿಟ್ಟವಳು ನಾನು. ಡ್ರೈವರ್ ಶರಣಪ್ಪ ಅಲ್ಲ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ಸುಳ್ಳೇ. ಆರು ವರ್ಷ ನಾನು ಹೇಳಲಿಲ್ಲ, ಅಷ್ಟೆ.

ನಾಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವವಳು ನಾನು — ಬೇರೆಯವರ ತಪ್ಪು ಹಿಡಿಯುವುದೇ ಕೆಲಸ. ಗಂಡ ಕಂಪನಿ ಬಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದ್ದರು. ಹಾಗಾಗಿ ಕಾರು ಇದ್ದದ್ದು ಮುಖ್ಯವಾಗಿ ಮಾವನವರಿಗಾಗಿ. ದಾವಣಗೆರೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಹೃದಯದ ಆಪರೇಷನ್ ಆಗಿತ್ತು. ಅವರನ್ನು ಓಡಾಡಿಸಲೆಂದು ಶರಣಪ್ಪ ಬಂದರು. ಕಲಬುರಗಿ ಕಡೆಯವರು, ಹೆಂಡತಿಯ ಜೊತೆ ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ. ಮಾತು ಕಡಿಮೆ. ಮಾವ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರೆ ಹಂಪ್ ಬಂದದ್ದೇ ತಿಳಿಯದ ಹಾಗೆ ಗಾಡಿ ದಾಟಿಸುತ್ತಿದ್ದರು.

ಆಗಷ್ಟೇ ನನಗೆ ಲೈಸೆನ್ಸ್ ಸಿಕ್ಕಿತ್ತು. ಬಾನೆಟ್ ಕೆಳಗೆ ಏನಿದೆ ಎಂದು ತಿಳಿಯುವ ಆಸೆ. ಶರಣಪ್ಪನವರನ್ನು ಕೇಳಲು ಮುಜುಗರ. ಒಂದು ಶನಿವಾರ ಮಧ್ಯಾಹ್ನ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಪಾರ್ಕಿಂಗಿಗೆ ಇಳಿದೆ. ಎಣ್ಣೆ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದೆ. ಮೇಲಿನ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿತ್ತು. ಅಷ್ಟಿದ್ದರೆ ಸಾಕು ಎಂಬುದು ಈಗ ಗೊತ್ತು. ಅವತ್ತು ಮುಚ್ಚಳ ತೆಗೆದು, ಡಿಕ್ಕಿಯಲ್ಲಿದ್ದ ಕ್ಯಾನಿನಿಂದ ಒಂದಿಷ್ಟು ಸುರಿದೆ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು. ಮಾತಾಡುತ್ತಲೇ ಮುಚ್ಚಳವನ್ನು ಎಣ್ಣೆ ಸುರಿಯುವ ಬಾಯಿಯ ಮೇಲಿಟ್ಟೆ — ಇಟ್ಟೆ, ತಿರುಗಿಸಲಿಲ್ಲ. ಬಾನೆಟ್ ಇಳಿಸಿ ಮೇಲೆ ಬಂದೆ.

ಮರುದಿನ ತುಮಕೂರಿನಲ್ಲಿ ನೆಂಟರ ಗೃಹಪ್ರವೇಶ. ಮಾವ ಮುಂದೆ, ನಾನು ಹಿಂದೆ. ನೆಲಮಂಗಲ ಇನ್ನೂ ಬಂದಿರಲಿಲ್ಲ, ಸುಟ್ಟ ವಾಸನೆ ಬಂತು, ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಶರಣಪ್ಪ ಗಾಡಿಯನ್ನು ಪಕ್ಕಕ್ಕೆ ತಂದು ಮೊದಲು ಮಾವನವರನ್ನು ತೋಳು ಹಿಡಿದು ಇಳಿಸಿ ದೂರ ಕೂರಿಸಿದರು. ಆಮೇಲೆ ಬಾನೆಟ್ ಎತ್ತಿದರು. ಮುಚ್ಚಳ ಒಂದು ಮೂಲೆಯಲ್ಲಿ ಬಿದ್ದಿತ್ತು. ಬಿಸಿ ಇಂಜಿನ್ನಿನ ಮೇಲೆಲ್ಲ ಎಣ್ಣೆ.

ನನಗೆ ಆ ಕ್ಷಣವೇ ನೆನಪಾಯಿತು. ಮರೆತಿದ್ದೆ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

"ಮುಚ್ಚಳ ಹಾಕಿದ್ದು ಯಾರೋ?" ಮಾವ ಕೂತಲ್ಲಿಂದಲೇ ಕೂಗಿದರು.

"ನಾನ ರೀ ಸರ. ಶುಕ್ರವಾರ ಸಂಜೀಕ ಎಣ್ಣಿ ಹಾಕಿ ಮುಚ್ಚಿದ್ದೆ ರೀ." ಶರಣಪ್ಪ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತರು. "ಮುಚ್ಚಿದ್ದೆ ಅನಸ್ತದ."

"ಅನಸ್ತದ ಅಂದ್ರೆ? ನಿನ್ ಕೈಯಾಗೆ ಜೀವ ಇಟ್ಕಂಡು ಕುಂತಿದ್ವಲ್ಲೋ. ನಾಳೆಯಿಂದ ಬರಬ್ಯಾಡ."

ಶರಣಪ್ಪ ಒಮ್ಮೆ ನನ್ನ ಕಡೆ ನೋಡಿದರು. ಆಗ ನಾನು ಒಂದು ಮಾತು ಹೇಳಿದೆ — "ಹೋಗ್ಲಿ ಬಿಡಿ ಮಾವ, ಮರ್ತಿರ್ತಾರೆ."

ಕೇಳುವವರಿಗೆ ಅದು ಕರುಣೆಯ ಹಾಗೆ ಕೇಳಿಸಿರಬೇಕು. ಸುಮ್ಮನಿದ್ದಿದ್ದರೂ ಇಷ್ಟು ಕೆಟ್ಟದ್ದಾಗುತ್ತಿರಲಿಲ್ಲ.

ಅವರು ಹೋದ ಮೇಲೆ ಕಾರಿನ ಜವಾಬ್ದಾರಿ ನಾನೇ ಹೊತ್ತೆ. ಪ್ರಾಯಶ್ಚಿತ್ತ ಎಂದುಕೊಳ್ಳುತ್ತಿದ್ದೆ — ಯಾರಿಗೂ ಪ್ರಯೋಜನವಿಲ್ಲದ ಪ್ರಾಯಶ್ಚಿತ್ತ. ಟೈರಿನ ಗಾಳಿ ನೋಡುವುದು, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ತುಂಬುವುದು, ಬ್ಯಾಟರಿ ತುದಿಯಲ್ಲಿ ಕಟ್ಟಿದ ಬಿಳಿ ಪುಡಿಯನ್ನು ಉಜ್ಜಿ ತೆಗೆಯುವುದು, ಏರ್ ಫಿಲ್ಟರ್ ಕೊಡವುವುದು, ಜಾಕ್ ಕೊಟ್ಟು ಸ್ಟೆಪ್ನಿ ಹಾಕುವುದು. ಒಂದೊಂದಾಗಿ ಕಲಿತೆ. ಅಪಾರ್ಟ್‌ಮೆಂಟಿನ ಹೆಂಗಸರು ಬಂದು ಕೇಳತೊಡಗಿದರು. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಹತ್ತು ಹದಿನೈದು ಜನ ಸೇರುವಂತಾಯಿತು. ಬಾನೆಟ್ ಮುಚ್ಚುವ ಮೊದಲು ಪ್ರತಿ ಮುಚ್ಚಳವನ್ನೂ ಕೈಯಿಂದ ಮುಟ್ಟಿ ನೋಡಿ ಎನ್ನುತ್ತಿದ್ದೆ.

ಕಳೆದ ವರ್ಷ ಒಬ್ಬರು ಕೇಳಿದರು: "ಇದನ್ನೇ ಯಾಕೆ ಮೇಡಂ ಅಷ್ಟು ಸಲ ಹೇಳ್ತೀರ?"

ನಾನು ಕತೆ ಹೇಳಿದೆ. ಹೊಗೆ, ಎಣ್ಣೆ, ಎಲ್ಲ ಸರಿಯಾಗಿಯೇ ಹೇಳಿದೆ. "ನಮ್ಮಲ್ಲಿ ಶರಣಪ್ಪ ಅಂತ ಡ್ರೈವರ್ ಇದ್ರು, ಕಲಬುರಗಿಯವರು. ಒಳ್ಳೆಯವರೇ. ಆದರೆ ಮರ್ತುಬಿಟ್ರು." ಇದನ್ನೂ ಬರೆಯಬೇಕು. ಅವರ ಕೆಲಸ ಕಳೆದದ್ದು ಸಾಲದೆ ಅವರ ಹೆಸರನ್ನೇ ಪಾಠ ಮಾಡಿಕೊಂಡಿದ್ದೆ.

ಎಲ್ಲರೂ ಚದುರಿದ ಮೇಲೆ, ಪಾರ್ಕಿಂಗ್ ಗುಡಿಸುವ ರೇಣುಕಾ ಪೊರಕೆ ಹಿಡಿದು ಹತ್ತಿರ ಬಂದಳು. ಅವಳದೂ ಅದೇ ಸೀಮೆ.

"ಆ ಶರಣಪ್ಪಣ್ಣ ನಮ್ಮ ಮನಿ ಸಾಲಿನ್ಯಾಗ ಇರ್ತಾನ್ರೀ ಅಕ್ಕಾರ. ಈಗ ಗಾಡಿ ಹೊಡಿಯಂಗಿಲ್ಲ. ಫ್ಯಾಕ್ಟರಿಯೊಳಗ ಲೋಡಿಂಗ್ ಮಾಡ್ತಾನ. ನನ್ನ ಕೈ ಮರೀತದ, ಯಾರ ಜೀವಾನೂ ನನ್ನ ಕೈಯಾಗ ಬ್ಯಾಡ ಅಂತಾನ. ಮನಿ ಕೀಲಿ ಹಾಕಿದ್ರೂ ಮೂರು ಸಲ ತಿರುಗಿ ಬಂದು ನೋಡ್ತಾನ್ರೀ."

ಅವರು ನನ್ನನ್ನು ಶಪಿಸುತ್ತಿರಬಹುದು, ಬೇರೆಲ್ಲೋ ಸ್ಟಿಯರಿಂಗ್ ಹಿಡಿದು ಸುಖವಾಗಿರಬಹುದು — ಏನೇನೋ ಊಹಿಸಿದ್ದೆ. ನನ್ನ ಸುಳ್ಳನ್ನು ಅವರೇ ನಂಬಿರಬಹುದು ಎಂದು ಮಾತ್ರ ಊಹಿಸಿರಲಿಲ್ಲ.

ಮೇಲೆ ಹೋಗಿ ಮಾವನವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಪೇಪರ್ ಮಡಿಸಿಟ್ಟರು. ಎದ್ದು ಚಪ್ಪಲಿ ಮೆಟ್ಟಿದರು. "ನಡಿ. ಬೈದವನು ನಾನಲ್ಲೇನಮ್ಮ. ನಾನೂ ಬರ್ತೀನಿ."

ರೇಣುಕಾ ದಾರಿ ತೋರಿಸಿದಳು. ಬಾಗಲಗುಂಟೆಯ ಆ ಸಾಲುಮನೆಗಳ ಮುಂದೆ ಕಾರು ನಿಂತಾಗ ಶರಣಪ್ಪ ನಲ್ಲಿಯ ಹತ್ತಿರ ಬಿಂದಿಗೆ ತುಂಬುತ್ತಿದ್ದರು. ತಲೆ ನರೆತಿತ್ತು. ಮಾವನವರನ್ನು ಕಂಡು ಗಾಬರಿಯಿಂದ ಕೈ ಮುಗಿದರು. ಕುಳಿತುಕೊಳ್ಳಿ ಎನ್ನುವ ಮೊದಲೇ ಹೇಳಿಬಿಟ್ಟೆ: "ಶರಣಪ್ಪನವರೇ, ಅವತ್ತು ಮುಚ್ಚಳ ಬಿಟ್ಟಿದ್ದು ನಾನು. ಶನಿವಾರ ನಾನು ತೆಗೆದಿದ್ದೆ."

ನೀರು ತುಂಬಿ ಹರಿಯುತ್ತಿತ್ತು. ಅವರು ನಲ್ಲಿ ನಿಲ್ಲಿಸಲಿಲ್ಲ.

"ಇನ್ನೊಮ್ಮಿ ಹೇಳ್ರಿ."

ಹೇಳಿದೆ.

"ನೀವು ತೆಗಿಯೂ ಮುಂದ ಅದು ಬಿಗಿ ಇತ್ತೇನ್ರಿ?"

"ಇತ್ತು. ಎರಡೂ ಕೈ ಹಾಕಿ ತಿರುಗಿಸಬೇಕಾಯ್ತು."

"ಅಂದ್ರ ನಾ ಮುಚ್ಚಿದ್ದೆ." ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಆಮೇಲೆ ಒಳಗೆ ತಿರುಗಿ ಕೂಗಿದರು: "ನೀಲವ್ವಾ, ಹೊರಗ ಬಾ. ನಾ ಮರ್ತಿದ್ದಿಲ್ಲಂತ. ನಾ ಮುಚ್ಚಿದ್ದೆನಂತ."

ಹೆಂಡತಿ ಬಂದರು, ಅಕ್ಕಪಕ್ಕದವರು ಬಂದರು. ಪ್ರತಿಯೊಬ್ಬರಿಗೂ ಅವರು ಅದನ್ನೇ ಹೇಳಿದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಮಾವ ಕೈ ಮುಗಿದು "ನಂದು ತಪ್ಪಾತಪ್ಪ" ಎಂದರು. ಶರಣಪ್ಪ ಮಾವನವರ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದರು. ನನ್ನ ಕಡೆ ತಿರುಗಿ, "ನಿಮ್ಮ ಮ್ಯಾಲ ಸಿಟ್ಟದ ರೀ ಅಕ್ಕಾರ. ಅದು ಇರ್ಲಿ. ಮೊದಲು ಗಾಡಿ ಕೀಲಿ ಕೊಡ್ರಿ" ಎಂದರು.

"ಲೈಸೆನ್ಸ್ ಅದ ರೀ," ಎಂದರು ನೀಲವ್ವ, ಯಾರೂ ಕೇಳದಿದ್ದರೂ. "ಬ್ಯಾಡ ಅಂದ್ರೂ ನಾನ ಜಗಳ ಮಾಡಿ ರಿನೀವಲ್ ಮಾಡ್ಸೀನಿ."

ಮಾವ ಮುಂದೆ ಕೂತರು. ನಾನು, ನೀಲವ್ವ, ರೇಣುಕಾ ಹಿಂದೆ. ಶರಣಪ್ಪ ಬಾನೆಟ್ ಎತ್ತಿ ಒಮ್ಮೆ ನೋಡಿದರು, ಇಳಿಸಿದರು. ಮತ್ತೆ ತಿರುಗಿ ಹೋಗಿ ನೋಡಲಿಲ್ಲ. ಗಾಡಿ ಹೊರಟಾಗ ಆ ಸಾಲಿನ ಜನವೆಲ್ಲ ಬಾಗಿಲಿಗೆ ಬಂದಿದ್ದರು. ಮೆಟ್ರೋ ಕಂಬಗಳ ಪಕ್ಕ, ಭಾನುವಾರದ ಖಾಲಿ ರಸ್ತೆಯಲ್ಲಿ, ಆರು ವರ್ಷದ ನಂತರ ಅವರು ನಾಲ್ಕನೇ ಗೇರು ಹಾಕಿದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಂಥ ಗೆಲುವನ್ನು ನಾನು ಬೇರೆಲ್ಲೂ ಕಂಡಿಲ್ಲ — ಅದು ನನ್ನದಲ್ಲ ಎಂಬುದೂ ಗೊತ್ತಿತ್ತು.

ಮುಂದಿನ ಭಾನುವಾರ ಪಾರ್ಕಿಂಗಿನಲ್ಲಿ ನಿಜ ಹೇಳಿದೆ. ಕೆಲವರು ಆಮೇಲೆ ಬರಲಿಲ್ಲ. ಬಾರದಿದ್ದರೆ ತಪ್ಪೇನು.

ಶರಣಪ್ಪ ಕ್ಷಮಿಸಿದ್ದೇನೆ ಎಂದು ಹೇಳಿಲ್ಲ. ನಾನೂ ಕೇಳಿಲ್ಲ, ಕೇಳುವುದೂ ಇಲ್ಲ. ಈಗ ಅವರು ಪೀಣ್ಯದ ಒಂದು ಕಾರ್ಖಾನೆಯ ಬಸ್ ಓಡಿಸುತ್ತಾರೆ. ಮೊನ್ನೆ ಸಿಗ್ನಲ್ಲಿನಲ್ಲಿ ಆ ಬಸ್ಸು ನನ್ನ ಕಾರಿನ ಪಕ್ಕಕ್ಕೇ ಬಂದು ನಿಂತಿತು. ಬಸ್ಸಿನ ತುಂಬ ಜನ, ಅರ್ಧದಷ್ಟು ಮಂದಿ ಕಿಟಕಿಗೆ ತಲೆಯಾನಿಸಿ ನಿದ್ದೆಯಲ್ಲಿ. ಶರಣಪ್ಪ ನನ್ನತ್ತ ನೋಡಲಿಲ್ಲ. ಅವರ ಕಣ್ಣು ರಸ್ತೆಯ ಮೇಲಿತ್ತು. ದೀಪ ಹಸಿರಾಯಿತು, ಒಬ್ಬರ ನಿದ್ದೆಯೂ ಕೆಡದ ಹಾಗೆ ಬಸ್ಸು ಮುಂದೆ ಸಾಗಿತು.