ಹನ್ನೆರಡು ಗಂಟೆಯ ವರದಿ

ನೈರೋಬಿಯ ಪರಿಹಾರ ಸಂಸ್ಥೆಯೊಂದರಲ್ಲಿ ವತ್ಸಲಾಗೆ ಹಡಗುಗಳನ್ನು ನೋಡಿಕೊಳ್ಳುವ ಕೆಲಸ. ಭದ್ರಾವತಿಯ ಈ ಹೆಂಗಸು ಒಮ್ಮೆಯೂ ಹಡಗು ಹತ್ತಿದವಳಲ್ಲ. ಆರು ವರ್ಷದಿಂದ ಅವಳು ಕಂಡದ್ದು ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ಹಡಗನ್ನು ತೋರಿಸುವ ಚುಕ್ಕಿಗಳನ್ನಷ್ಟೇ. ಈಗಿನ ಹಡಗು ಸುಡಾನಿನ ಯುದ್ಧದಲ್ಲಿ ಸಿಕ್ಕಿಕೊಂಡವರಿಗೆಂದು ಮೊಂಬಾಸಾದಿಂದ ಜೋಳ ಹೊತ್ತು ಹೋಗಿತ್ತು. ಸುಡಾನಿನ ಬಂದರಿನ ಹೊರಗೆ ಲಂಗರು ಹಾಕಿ ಮೂವತ್ತೊಂದು ದಿನವಾಗಿತ್ತು. ಒಳಗೆ ಬಿಡುವವರಿಲ್ಲ, ವಾಪಸ್ ಕರೆಯುವವರೂ ಇಲ್ಲ.

ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ವರದಿ ಕಳಿಸಬೇಕು: ಹಡಗು ಎಲ್ಲಿದೆ, ಕುಡಿಯುವ ನೀರು ಎಷ್ಟಿದೆ, ಸರಕು ಹೇಗಿದೆ. ಸರಕಿನ ಮುಂದೆ ಅವನು ತಪ್ಪದೆ ‘ಚೆನ್ನಾಗಿದೆ’ ಎಂದು ಬರೆಯುತ್ತಿದ್ದ. ಇವಳು ‘ನೋಟೆಡ್’ ಎಂದು ಉತ್ತರಿಸುತ್ತಿದ್ದಳು. ಹೋದ ವಾರ, ಸರಕಿನ ಕೋಣೆಯ ಮುಚ್ಚಳದ ಸಂದಿಯಿಂದ ಮಳೆನೀರು ಇಳಿದಿದೆ ಎಂದು ಅವನು ಬರೆದಾಗಲೂ ಅಷ್ಟೇ. ಆಮೇಲೆ ಕಂಡಕಂಡ ಅಧಿಕಾರಿಗಳಿಗೆಲ್ಲ ಫೋನು ಮಾಡಿ ಗೋಗರೆದಳು. ಎಲ್ಲರೂ ಕಾಯಿರಿ ಎಂದರು.

ಶನಿವಾರ ಲೊರೆಶೋ ಬಡಾವಣೆಯ ತನ್ನ ಮನೆಯಲ್ಲೂ ಅವಳು ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದಳು. ಗಂಡ ಯಶವಂತ್ ತಟ್ಟೆ ಹಾಕಿ ಕರೆದ.

“ಬಾರೇ, ಸಾರು ಆರ್ತಾ ಇದೆ. ನೀನು ನೋಡ್ತಾ ಕೂತ್ರೆ ಹಡಗು ಹೋಗತ್ತಾ?”

“ಹೋಗಲ್ಲ. ನೋಡದೇ ಇದ್ರೂ ಹೋಗಲ್ಲ.”

ಅಷ್ಟರಲ್ಲಿ ವರದಿ ಬಂತು. ಜಾಗ ಅದೇ. ನೀರು ನಾಲ್ಕು ದಿನಕ್ಕೆ ಸಾಕು. ಸರಕಿನ ಮುಂದೆ ಮಾತ್ರ ಕ್ಯಾಪ್ಟನ್ ಬೇರೆ ಪದ ಬರೆದಿದ್ದ: ‘ಮೊಳೆಯುತ್ತಿದೆ.’

ವತ್ಸಲಾ ಏನೇನೋ ಟೈಪ್ ಮಾಡಿದಳು, ಎಲ್ಲವನ್ನೂ ಅಳಿಸಿದಳು. ಕೊನೆಗೆ ‘ನೋಟೆಡ್’ ಎಂದು ಕಳಿಸಿದಳು. ಕಳಿಸಿದ ಮೇಲೆ ನೋಡಿದರೆ, ಅಭ್ಯಾಸಬಲದಿಂದ ಕೆಳಗೆ ‘ಥ್ಯಾಂಕ್ಸ್’ ಕೂಡ ಸೇರಿತ್ತು.