ಚೆಂಡು ಕಿತ್ತುಕೊಡುವ ಕೆಲಸ

ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರ. ಕ್ವಾರ್ಟರ್ಸ್ ಹಿಂದಿನ ಬಯಲಲ್ಲಿ ಗಂಡುಹುಡುಗರ ಜೊತೆ ಆಡುತ್ತಲೇ ನಾನು ಫುಟ್‌ಬಾಲ್ ಕಲಿತೆ. ಓಟ ಅಷ್ಟಕ್ಕಷ್ಟೆ, ಎತ್ತರವೂ ಇರಲಿಲ್ಲ, ಎಡಗಾಲು ಬರೀ ನಿಲ್ಲುವುದಕ್ಕೆ. ಆದರೆ ಎದುರಿನವಳು ಚೆಂಡನ್ನು ಯಾವ ಕಡೆ ಕೊಡುತ್ತಾಳೆ ಎಂಬುದು ಅವಳ ಭುಜ ತಿರುಗಿದಾಗಲೇ ನನಗೆ ಗೊತ್ತಾಗುತ್ತಿತ್ತು. ಚೆಂಡಿಗಿಂತ ಮೊದಲು ನಾನು ಅಲ್ಲಿರುತ್ತಿದ್ದೆ.

ಬೆಂಗಳೂರಿನ ಕ್ಲಬ್ಬೊಂದರ ಕೋಚ್ ಅದನ್ನು ನೋಡಿಯೇ ನನ್ನನ್ನು ತೆಗೆದುಕೊಂಡರು. ಡಿಫೆಂಡರುಗಳ ಮುಂದೆ, ಮೈದಾನದ ನಡುವೆ ನನ್ನ ಜಾಗ. ಚೆಂಡು ಕಿತ್ತುಕೊಳ್ಳಬೇಕು, ನಮ್ಮವರಿಗೆ ಕೊಡಬೇಕು, ಮತ್ತೆ ಹಿಂದೆ ಬಂದು ನಿಲ್ಲಬೇಕು. ಗೋಲಿನ ಗೋಜಿಗೆ ಹೋಗುವಂತಿರಲಿಲ್ಲ.

ಗೋಲು ಹೊಡೆಯುತ್ತಿದ್ದವಳು ಬಾಣಾವರದವಳು, ನನ್ನ ವಾರಗೆಯವಳೇ. ಒಂದೇ ರೈಲಿನಲ್ಲಿ ಹೋಗಿ ಬರುತ್ತಿದ್ದೆವು. ಅವಳು ಮನೆಯಿಂದ ತಂದ ಬುತ್ತಿಯಲ್ಲಿ ಅರ್ಧ ನನ್ನದು. ಆಗ ಅವಳ ಮೇಲೆ ನನಗೆ ಪ್ರೀತಿಯೇ ಇತ್ತು.

ಅಪ್ಪ ಅಮ್ಮ ನನ್ನ ಆಟ ನೋಡಲು ಬೆಂಗಳೂರಿಗೆ ಬಂದದ್ದು ಒಂದೇ ಸಲ. ಅವತ್ತು ಎದುರು ತಂಡದ ಹೆಸರುವಾಸಿ ಆಟಗಾರ್ತಿಗೆ ಚೆಂಡೇ ಸಿಗದಂತೆ ನೋಡಿಕೊಂಡೆ. ಬಾಣಾವರದವಳು ಗೋಲು ಹೊಡೆದಳು, ಗೆದ್ದೆವು. ಹೊರಗೆ ಬಂದಾಗ ಅಮ್ಮ, "ಆ ಹುಡುಗಿ ಎಷ್ಟ್ ಚೆನ್ನಾಗ್ ಆಡಿದ್ಲು! ನೀನ್ಯಾಕೆ ಸುಮ್ನೆ ಅಡ್ಡಾಡ್ಕೊಂಡಿದ್ದೆ?" ಅಂದಳು. ಅಮ್ಮನಿಗೆ ಆಟ ಗೊತ್ತಿರಲಿಲ್ಲ, ಸರಿ. ಗೊತ್ತಿದ್ದ ಅಪ್ಪನೂ ರೈಲಿಗೆ ಹೊತ್ತಾಯಿತು ಅಂದ, ಅಷ್ಟೆ.

ಮುಂದಿನ ವರ್ಷದ ಒಂದು ಪಂದ್ಯದಲ್ಲಿ ಬಾಣಾವರದವಳು ಮೂವರ ನಡುವೆ ನುಗ್ಗಿ ಚೆಂಡು ಕಳೆದುಕೊಂಡಳು. ಕಳೆದುಕೊಂಡವಳು ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತಳು. ನಾನು ಅಡ್ಡ ಓಡಿ, ಜಾರಿ, ಕಾಲು ಚಾಚಿ ತಡೆದೆ. ಮಂಡಿಯೊಳಗೆ ಏನೋ ಪಟ್ಟೆಂದಿತು. ಲಿಗಮೆಂಟ್ ಹರಿದಿತ್ತು. "ಮೊದಲು ಹುಷಾರಾಗಮ್ಮ" ಅಂದ ಕ್ಲಬ್ಬಿನವರು ಮತ್ತೆ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ.

ಆಪರೇಷನ್ ಆದಮೇಲೆ ಕುಂಟಿಕೊಂಡೇ ಸ್ಪೋರ್ಟ್ಸ್ ಕೋಟಾದ ಸರ್ಕಾರಿ ಕೆಲಸವೊಂದರ ಸಂದರ್ಶನಕ್ಕೆ ಹೋದೆ. ಅವಳೂ ಬಂದಿದ್ದಳು. ಅಲ್ಲಿದ್ದ ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಗೋಲು ಹೊಡೆದಿದ್ದೀಯಮ್ಮ?"

"ನನ್ನ ಜಾಗ ಅದಲ್ಲ ಸರ್, ನಾನು ಚೆಂಡು ಕಿತ್ತು..."

"ಆಯ್ತು, ಹೇಳಿ ಕಳಿಸ್ತೀವಿ."

ಕೆಲಸ ಅವಳಿಗಾಯಿತು. ನಾನು ಹಳೇಬೀಡಿನ ಖಾಸಗಿ ಶಾಲೆಯಲ್ಲಿ ಆಟದ ಟೀಚರ್ ಆದೆ. ಮಂಡಿ ಮಡಚಿ ನೆಲಕ್ಕೆ ಕೂರಲು ಈಗಲೂ ಆಗುವುದಿಲ್ಲ.

ಹೋದ ತಿಂಗಳು ದೇವಸ್ಥಾನದ ಎದುರು ಯಾರೋ ಹೆಸರು ಹಿಡಿದು ಕೂಗಿದರು. ಅವಳೇ. ಗಂಡನ ಜೊತೆ ಬೇಲೂರು ನೋಡಿಕೊಂಡು ಬಂದಿದ್ದಳು. "ಇವಳೂ ನಮ್ಮ ಟೀಮಲ್ಲಿ ಇದ್ಲು ರೀ," ಅಂತ ಅವನಿಗೆ ಹೇಳಿದಳು. ಆಮೇಲೆ ನನ್ನ ಕೈ ಹಿಡಿದು, "ಒಂದ್ ನಾಲ್ಕು ಗೋಲ್ ಹೊಡೆದಿದ್ರೆ ನಿಂಗೂ ಕೆಲಸ ಆಗ್ತಿತ್ತು ಕಣೇ," ಅಂದಳು. ನಿಜವಾದ ಮರುಕದಿಂದಲೇ ಅಂದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಿನಗೆ ಚೆಂಡು ಎಲ್ಲಿಂದ ಬರ್ತಿತ್ತು ಅಂತ ಒಂದಿನಾದ್ರೂ ತಿರುಗಿ ನೋಡಿದ್ಯೇನೇ?"

ಅವಳು ನಕ್ಕಳು. "ಅಯ್ಯೋ, ಅದೆಲ್ಲ ಈಗ ಯಾರಿಗ್ ನೆನಪಿರುತ್ತೆ? ಬಾ, ಕಾಫಿ ಕುಡಿಯೋಣ."

ಶಾಲೆಗೆ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟೆ. ಅವತ್ತು ಭಾನುವಾರ.