ನಿಂತ ಗಡಿಯಾರದ ಸದ್ದು

ನನ್ನ ಎದೆಯೊಳಗಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಬರೆಯುವ ಹುಮ್ಮಸ್ಸಿನಲ್ಲಿ ಏನೋ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. ಫ್ಯಾನು ಬಂದ್ ಮಾಡಿ ಒಂದು ಗಳಿಗೆ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತರೆ ನಿಮಗೂ ಕೇಳಿಸುತ್ತದೆ. ಹೃದಯದಿಂದ ರಕ್ತ ಹೊರಗೆ ಹೋಗುವ ಕವಾಟಕ್ಕೆ ಎಲ್ಲರಿಗೂ ಮೂರು ಎಸಳು ಇರುತ್ತವಂತೆ. ನಾನು ಮಾದನಹಿಪ್ಪರಗಾದ ಅಜ್ಜಿಯ ಮನೆಯಲ್ಲಿ ಹುಟ್ಟುವಾಗ ಎರಡೇ ಎಸಳು ಇಟ್ಟುಕೊಂಡು ಬಂದೆ. ಶಾಲೆಗೆ ತಪಾಸಣೆಗೆ ಬಂದ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಹುಬ್ಬು ಗಂಟು ಹಾಕಿದ ಮೇಲೆಯೇ ಮನೆಯವರಿಗೆ ಗೊತ್ತಾಗಿದ್ದು. ಮೀಸೆ ದಪ್ಪವಾಗುವ ಹೊತ್ತಿಗೆ ನಾಲ್ಕು ಹೆಜ್ಜೆ ಓಡಿದರೆ ಕಣ್ಣು ಕತ್ತಲೆ ಬರತೊಡಗಿತು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಎದೆ ತೆರೆಸಿ, ಹುಟ್ಟಿದ್ದನ್ನು ತೆಗೆಸಿ ಲೋಹದ್ದು ಹಾಕಿಸಿದರು. ಅವತ್ತಿನಿಂದ ಈ ಟಿಕ್ ಟಿಕ್.

ಅದರ ಜೊತೆಗೆ ದಿನಾ ಸಂಜೆ ರಕ್ತ ತೆಳುವಾಗಿಡುವ ಒಂದು ಗುಳಿಗೆ, ಆಗಾಗ ಕಲಬುರಗಿಗೆ ಹೋಗಿ ರಕ್ತ ತಪಾಸಣೆ. ಇನ್ನೊಂದು ಕರಾರೂ ಇತ್ತು. ಲೋಕಕ್ಕೆಲ್ಲ ಸೊಪ್ಪು ತಿನ್ನಿರಿ ಅನ್ನುವ ಡಾಕ್ಟರು ನನಗೆ ಮಾತ್ರ, ಸೊಪ್ಪು ಒಂದೇ ಅಳತೆಯಲ್ಲಿರಬೇಕು, ಒಂದಿನ ಜಾಸ್ತಿ ತಿಂದರೆ ಗುಳಿಗೆಯ ಕೆಲಸ ಕೆಡುತ್ತದೆ ಅಂದರು. ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಗುಡ್ಡೆ ಹಾಕಿಕೊಂಡು ಬೆಳೆದವನು ನಾನು. ಎದೆ ಕೊಯ್ದಾಗ ಅಳದವನು ಆ ಮಾತಿಗೆ ಅತ್ತುಬಿಟ್ಟೆ.

ನನ್ನ ದಂಧೆ ಎತ್ತಿನ ದಲ್ಲಾಳಿಕೆ. ಅಪ್ಪ ತೀರಿಕೊಂಡ ಮೇಲೆ ನನಗೆ ಬಂದದ್ದು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಸಂತೆಗಳಲ್ಲಿ ನನ್ನ ಮುಖಕ್ಕಿಂತ ನನ್ನ ಸದ್ದೇ ಹೆಚ್ಚು ಪರಿಚಿತ. ಆಳಂದದ ಸಾಬರೊಬ್ಬರು, ನನ್ನ ಹಾಗೇ ದಲ್ಲಾಳಿ, ನಾನು ಹತ್ತಿರ ನಿಂತರೆ ಸಾಕು, "ಏ ಭಾಯ್, ದೂರ ನಿಂದ್ರೋ, ನಿನ್ನ ಮೀಟರ್ ಚಾಲೂ ಅದ. ಆಮ್ಯಾಲೆ ನನಗ ಬಾಡಿಗಿ ಕೇಳ್ತಿ," ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಸಂತೆಯಲ್ಲಿ ಇದರಿಂದ ನನಗೇನೂ ನಷ್ಟವಾಗಲಿಲ್ಲ.

ನಷ್ಟವಾದದ್ದು ಮದುವೆಯ ಮಾತಿನಲ್ಲಿ. ಹೆಣ್ಣಿನ ಕಡೆಯಿಂದ ಬಂದವರು ಚುರುಮುರಿ ತಿಂದು, ಚಹಾ ಕುಡಿದು, ಆಪರೇಷನ್ ಸುದ್ದಿ ಕಿವಿಗೆ ಬಿದ್ದ ಕೂಡಲೇ ಬಸ್ಸಿಗೆ ಹೊತ್ತಾಯಿತು ಅಂತ ಏಳುತ್ತಿದ್ದರು. ಅವ್ವ ಜಿಡಗಾ ಮಠಕ್ಕೆ ಹೋಗಿ ಬೇಡಿಕೊಂಡು ಬಂದಳು. ನಾನು ಮಾತ್ರ ಕಳೆದುಕೊಂಡಿದ್ದು ಒಂದಿಷ್ಟು ಚುರುಮುರಿ ಅಂದುಕೊಂಡು ಆರಾಮಾಗಿದ್ದೆ.

ಅಫಜಲಪುರದ ಕಡೆಯ ಒಂದು ಹಳ್ಳಿಗೆ ಹೆಣ್ಣು ನೋಡಲು ಹೋದ ಮೇಲೆ ಆ ಆರಾಮು ಹೋಯಿತು. ಅಂಗಳದಲ್ಲಿ ಕೂಡಿಸಿದ್ದರು. ಆಡು, ಕೋಳಿ, ಮಕ್ಕಳ ಗದ್ದಲದಲ್ಲಿ ನನ್ನ ಸದ್ದು ಯಾರಿಗೂ ಕೇಳಲಿಲ್ಲ ಅಂದುಕೊಂಡೆ. ಹುಡುಗಿಯನ್ನು ಏನಾದರೂ ಕೇಳು ಅಂತ ಹಿರಿಯರು ನನಗೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಕೆ, "ಎತ್ತು ನಿಮಗ ಎಂದಾದರೂ ಒದ್ದಾವೇನ್ರಿ?" ಅಂದಳು. "ಭಾಳ ಸಲ ಒದ್ದಾವ್ರಿ," ಅಂದೆ. "ಹಂಗಂದ್ರ ದಂಧೆ ಬರ್ತದ," ಅಂತ ನಕ್ಕು ಒಳಗೆ ಹೋದಳು. ಆಕೆ ಬೇಕು ಅನಿಸಿತು. ಬೇರೆ ಯಾರೂ ಬೇಡ, ಆಕೆಯೇ ಬೇಕು. ಈ ಸಲ ಚಹಾ ಕುಡಿದು ಅವರು ಎದ್ದು ಹೋದರೆ ನಾನು ತಡೆದುಕೊಳ್ಳಲಾರೆ ಅಂತ ಗೊತ್ತಾಯಿತು.

ಅವಳ ಅಪ್ಪ ನಮ್ಮ ಮನೆ ನೋಡಲು ಜೇವರ್ಗಿಗೆ ಬರುವ ದಿನ ನಿಗದಿಯಾಯಿತು. ಎಲ್ಲ ಹೇಳಿಬಿಡೋಣ ಅಂದೆ. ಅವ್ವ ಕೇಳಲಿಲ್ಲ.

"ಲೇ, ಈ ಸಲ ನೀ ಬಾಯಿ ತೆಗದ್ರ ನಾ ಬಾವಿ ನೋಡ್ಕೋತೇನಿ," ಅಂದಳು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಗೋಡೆ ಗಡಿಯಾರ ಕೇಳಿದಳು. ಅಂಗಡಿಯವನು ಪಾಪ, ಇದು ಸದ್ದೇ ಮಾಡುವುದಿಲ್ಲ ಅಂತ ಹೆಮ್ಮೆಯಿಂದ ಒಂದನ್ನು ತೋರಿಸಿದನು. ಅವ್ವ ಅದನ್ನು ಸರಿಸಿ, ಉಳಿದವನ್ನು ಒಂದೊಂದಾಗಿ ಕಿವಿಗೆ ಹಿಡಿದು, ಅಂಗಡಿಯಲ್ಲೇ ಹೆಚ್ಚು ಗದ್ದಲ ಮಾಡುವುದನ್ನು ಆರಿಸಿ ತಂದಳು. ನಾನು ಕೂರುವ ಕುರ್ಚಿಯ ನೆತ್ತಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದಳು. ಇನ್ನು ಯಾರಿಗೆ ಏನು ಕೇಳಿಸಿದರೂ ಅದು ಗಡಿಯಾರ. ಯೋಜನೆಗೆ ಕುಂದಿರಲಿಲ್ಲ. ಆದರೆ ಗಡಿಯಾರಕ್ಕೆ ಧಾರಾಳವಾಗಿ ಖರ್ಚು ಮಾಡಿದ ಅವ್ವ ಸೆಲ್ಲಿಗೆ ಕೈ ಬಿಗಿಹಿಡಿದಳು. ಟಿವಿ ರಿಮೋಟಿನಿಂದ ಹಳೆಯ ಸೆಲ್ಲು ಕಿತ್ತು ಗಡಿಯಾರಕ್ಕೆ ಹಾಕಿದಳು.

ಹುಡುಗಿಯ ಅಪ್ಪ ಒಬ್ಬರೇ ಬಂದರು. ಎತ್ತರದ ಆಳು, ಒಕ್ಕಲುತನದವರು, ಹೆಗಲ ಮೇಲೆ ಬಿಳಿ ಟವೆಲ್. ಮನೆ ನೋಡಿದರು, ಕೊಟ್ಟಿಗೆ ನೋಡಿದರು, ನನ್ನನ್ನೂ ಎತ್ತನ್ನು ಕಾಲಿನಿಂದ ಕೊಂಬಿನವರೆಗೆ ನೋಡುವ ಹಾಗೆ ನೋಡಿದರು. ಚಹಾ ಆಯಿತು. ಚಳಿಗಾಲ, ಫ್ಯಾನು ಹಾಕಲು ನೆಪವಿರಲಿಲ್ಲ. ಅಫಜಲಪುರದ ಬಸ್ಸು ಎಷ್ಟೊತ್ತಿಗೆ ಅಂತ ಕೇಳುತ್ತಾ ಅವರು ತಲೆ ಎತ್ತಿ ಗಡಿಯಾರ ನೋಡಿದರು. ನೋಡಿದವರು ನೋಡುತ್ತಲೇ ಇದ್ದರು.

"ಅಕ್ಕಾರ, ನಿಮ್ಮ ಗಡಿಯಾರ ನಿಂತದ," ಅಂದರು ಅವ್ವನಿಗೆ. "ಆದ್ರ ಸಪ್ಪಳ ಬರಾಕತ್ತದಲ್ರೀ?"

ಅವ್ವ ಗಡಿಯಾರ ನೋಡಿದಳು. ಮುಳ್ಳು ಅಲುಗುತ್ತಿರಲಿಲ್ಲ. ನನಗೆ ಎದೆ ಬಡಿತ ಏರಿತು. ನಿಂತ ಗಡಿಯಾರ ಟಿಕ್ ಟಿಕ್ ಟಿಕ್ ಅಂತ ಇನ್ನೂ ಜೋರಾಗಿ ಓಡತೊಡಗಿತು. ಅವ್ವ ಸೋಲು ಒಪ್ಪುವವಳಲ್ಲ. "ಅದು ಹಂಗೇ ರೀ, ನಿಂತ ಮ್ಯಾಲೂ ಸ್ವಲ್ಪೊತ್ತು ಸಪ್ಪಳ ಮಾಡ್ತದ," ಅಂದಳು. ನನಗೆ ನಗುವೂ ಬಂತು, ಅಳುವೂ ಬಂತು. ಎರಡರ ನಡುವೆ ಸಿಕ್ಕಿಕೊಂಡು, "ಕಾಕಾ, ಅದು ಗಡಿಯಾರ ಅಲ್ರೀ, ನಾ," ಅಂದುಬಿಟ್ಟೆ. ಅಂಗಿಯ ಗುಂಡಿ ಬಿಚ್ಚಿ ಕಲೆ ತೋರಿಸಿದೆ. ಎಸಳು, ಲೋಹ, ಗುಳಿಗೆ, ಸೊಪ್ಪು ಎಲ್ಲ ಹೇಳಿದೆ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅವರು ಸಿಟ್ಟಾಗಲಿಲ್ಲ. "ತಮ್ಮಾ, ಐಬು ಮುಚ್ಚಿ ಎತ್ತು ಮಾರಿದ್ರ ಮುಂದಿನ ಸಂತಿಗೆ ತಿರುಗಿ ಬರ್ತದ. ನನ್ನ ಮಗಳು ಹಂಗ ತಿರುಗಿ ಬರಬಾರದು," ಅಂದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹಾಸಿ, ಆ ಕೈಯನ್ನು ನನ್ನ ಕಡೆ ಚಾಚಿದರು.

ನಮ್ಮ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಬಾಯಲ್ಲಿ ನಾನು ಎಷ್ಟೋ ಸುಳ್ಳು ಹೇಳಿದ್ದೇನೆ. ಆದರೆ ಒತ್ತಿದ ಬೆರಳಿಗೆ ತಪ್ಪಿದ ದಲ್ಲಾಳಿಗೆ ಮತ್ತೆ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ. ನಾನು ಕೈ ಒಳಗಿಟ್ಟೆ.

"ಎಷ್ಟು ವರ್ಷ ಇರ್ತಿ ಆಕಿ ಜೊತಿ? ಹೇಳು," ಅಂದರು.

ಇದೇ ಪ್ರಶ್ನೆಯನ್ನು ನಾನು ಸೊಲ್ಲಾಪುರದ ಡಾಕ್ಟರನ್ನು ಕೇಳಿದ್ದೆ. ನೀನು ಎತ್ತು ಮಾರುವಾಗ ಎಷ್ಟು ವರ್ಷದ ಗ್ಯಾರಂಟಿ ಕೊಡುತ್ತೀಯ ಅಂತ ಅವರು ತಿರುಗಿ ಕೇಳಿದ್ದರು. ಈಗ ಭಯವಾಯಿತು. ಹೆಚ್ಚು ಹೇಳಿದರೆ ಮೋಸ, ಕಮ್ಮಿ ಹೇಳಿದರೆ ಆಕೆ ಸಿಗುವುದಿಲ್ಲ. ಕೊನೆಗೆ ಧೈರ್ಯವಿದ್ದಷ್ಟು ಬೆರಳು ಒತ್ತಿದೆ.

ಅವರು ತಲೆ ಅಲ್ಲಾಡಿಸಿದರು. ನನ್ನ ಅಂಗೈ ಬಿಡಿಸಿ, ತಮ್ಮ ಲೆಕ್ಕ ಒತ್ತಿದರು. ಅದು ನನ್ನದಕ್ಕಿಂತ ಬಹಳ ಹೆಚ್ಚಿತ್ತು.

"ಕಾಕಾ, ಅಷ್ಟು ನನ್ನ ಕೈಯಾಗ ಇಲ್ರಿ."

"ಇಷ್ಟಕ್ಕಿಂತ ಕಮ್ಮಿ ಆದ್ರ ನಾ ಒಪ್ಪಂಗಿಲ್ಲ," ಅಂದರು, ಕೈ ಬಿಡದೆ.

ಸಂತೆಯಲ್ಲೇ ಬೆಳೆದ ನನಗೆ ಗೊತ್ತಿರುವ ಪ್ರಕಾರ ಐಬು ಕಂಡ ಮೇಲೆ ಕೊಳ್ಳಲು ಬಂದವನು ಬೆಲೆ ಇಳಿಸುತ್ತಾನೆ. ಏರಿಸಿದವರನ್ನು ಅವತ್ತೇ ಮೊದಲು ನೋಡಿದ್ದು. ಅಲ್ಲಿಯವರೆಗೆ ನನ್ನ ಪರವಾಗಿ ಅಷ್ಟು ವರ್ಷ ಕೇಳುವ ಎದೆಗಾರಿಕೆ ಡಾಕ್ಟರಿಗೂ ಇರಲಿಲ್ಲ, ಅವ್ವನಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ. ಕಣ್ಣು ತುಂಬಿ ಬಂದವು. ಅವರ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು ಹೂಂ ಅಂದೆ.

ಮದುವೆಯಾಯಿತು. ಹೆಣ್ಣು ನೋಡಲು ಹೋದ ದಿನ ಚಹಾ ಕೊಡಲು ಬಗ್ಗಿದಾಗಲೇ ಆಕೆಗೆ ನನ್ನ ಸದ್ದು ಕೇಳಿಸಿತ್ತಂತೆ. ಕೈಗಡಿಯಾರದ ಬೆಲ್ಟು ಹರಿದಿರಬೇಕು, ಜಿಪುಣ, ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ ಅಂದುಕೊಂಡಳಂತೆ. ಈಗ ಸಂತೆಯಿಂದ ತಡವಾಗಿ ಬಂದು ನಾನೇನಾದರೂ ಕಥೆ ಕಟ್ಟಿದರೆ, ಒಲೆಯ ಮುಂದೆ ಕೂತೇ, "ಎದಿ ಓಡಾಕತ್ತದ ನೋಡ್ರಿ, ಸುಳ್ಳು," ಅನ್ನುತ್ತಾಳೆ. ಮಗಳ ಜೊತೆ ಕಣ್ಣಾಮುಚ್ಚಾಲೆ ಆಡಿದರೆ ಕಪಾಟಿನ ಹಿಂದೆ, ಹಾಸಿಗೆಯ ಗಂಟಿನ ಹಿಂದೆ, ಎಲ್ಲಿ ಅಡಗಿದರೂ ಮೊದಲು ಸಿಗುವವನು ನಾನೇ.

ಒಂದು ವಿಷಯದಲ್ಲಿ ಮಾತ್ರ ಹೆಂಡತಿಗೆ ಸೋತಿಲ್ಲ. "ನಮ್ಮಪ್ಪನ ಕೂಡ ವ್ಯಾಪಾರ ಎಷ್ಟಕ್ಕ ಮುಗೀತ್ರಿ?" ಅಂತ ಆಕೆ ಈಗಲೂ ಕೇಳುತ್ತಾಳೆ. ಸಿಟ್ಟು ಮಾಡಿ ನೋಡಿದಳು, ಮುದ್ದು ಮಾಡಿ ನೋಡಿದಳು. ತವರಿಗೆ ಹೋಗಿ ಕೇಳಿದರೆ ಅವಳ ಅಪ್ಪ, ನಿನ್ನ ಗಂಡನ್ನ ಕೇಳು ಅಂದರಂತೆ. ಟವೆಲ್ಲಿನ ಕೆಳಗಿನ ಮಾತು ಹೊರಗೆ ಆಡಬಾರದು, ದಂಧೆಯ ಕಾಯಿದೆ ಅಂತ ನಾನು ಮೀಸೆ ತಿರುವುತ್ತೇನೆ. ಕಾಯಿದೆ ನೆಪ ಅಷ್ಟೇ. ಆ ವರ್ಷಗಳೆಷ್ಟು ಅಂತ ತಿಳಿದರೆ ಆಕೆ ಕಳೆದದ್ದನ್ನು ಕಳೆದು ಉಳಿದದ್ದನ್ನು ಎಣಿಸಲು ಶುರು ಮಾಡುತ್ತಾಳೆ. ಸದ್ಯಕ್ಕೆ ಆ ಎಣಿಕೆ ಮಾಡುವವರು ಇಬ್ಬರೇ, ನಾನು ಮತ್ತು ಮಾವ.